ತಾಳೆ ನೋಡುವವನು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಲ್ವರ್‌ಸ್ಟನ್ ಊರಿನಲ್ಲಿ ಗ್ವೆಂಡಾ ಪೈಬಸ್ ಬಂದಳು ಎಂದರೆ ಅರ್ಧ ಜನ ಇವತ್ತಿಗೂ ನೆಟ್ಟಗೆ ನಿಲ್ಲುತ್ತಾರೆ. ಅವರಿಗೆಲ್ಲ ಭಾಗಾಕಾರ ಕಲಿಸಿದವಳು ನಾನು. ಮದುವೆಯಾಗಲಿಲ್ಲ. ಕೇಳಿದವರು ಇದ್ದರು. ಅವರಲ್ಲಿ ಯಾರ ಜೊತೆಯೂ ಒಂದು ಇಡೀ ಭಾನುವಾರ ಕಳೆಯಬಹುದು ಎಂದು ನನಗೆ ಅನ್ನಿಸಲಿಲ್ಲ, ಅಷ್ಟೆ. ಇದರಲ್ಲಿ ಅಯ್ಯೋ ಪಾಪ ಅನ್ನುವಂಥದ್ದು ಏನೂ ಇಲ್ಲ. ನನ್ನ ಮನೆ, ನನ್ನ ಟೊಮೇಟೊ ಗಿಡ, ನನ್ನ ರೇಡಿಯೋ, ಎಲ್ಲ ನನ್ನ ಇಷ್ಟದಂತೆ ಇದ್ದವು.

ನಿವೃತ್ತಿಯಾದ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ನದಿಯ ದಂಡೆಯ ಬೌಲ್ಸ್ ಕ್ಲಬ್ಬಿನ ಹಿಂದಿನ ಕೋಣೆಗೆ ಹೋಗುತ್ತಿದ್ದೆ. ಹೊರಗೆ ಹುಲ್ಲಿನ ಮೇಲೆ ಬಿಳಿ ಬಟ್ಟೆಯವರು ಚೆಂಡು ಉರುಳಿಸುತ್ತಾರೆ, ಒಳಗೆ ನಾವು ನಾಲ್ಕು ಜನ ಸಂಖ್ಯೆಗಳ ಹಿಂದೆ ಬಿದ್ದಿರುತ್ತೇವೆ. ಬಿಳಿ ಬಟ್ಟೆಯವರು ನಮಗೆ ಅಂಕಿ ಬೆಂಚು ಎಂದು ಹೆಸರಿಟ್ಟಿದ್ದರು. ಒಬ್ಬಳು ವರ್ನಾ, ನನ್ನ ಬಾಲ್ಯದ ಗೆಳತಿ, ನರ್ಸ್ ಆಗಿದ್ದವಳು. ಇನ್ನೊಬ್ಬ ಕ್ಲೈವ್, ಔಷಧಿ ಅಂಗಡಿ ಇಟ್ಟಿದ್ದವನು. ಕೊನೆಗೆ ಬಂದು ಸೇರಿದವನು ಡೆನ್ಜಿಲ್ ಮ್ಯಾಡಕ್. ಭೂಮಾಪಕನಾಗಿದ್ದ, ಹೆಂಡತಿ ತೀರಿಕೊಂಡ ಮೇಲೆ ಹೋಬಾರ್ಟ್ ನಗರ ಬಿಟ್ಟು ಪೆಂಗ್ವಿನ್ ಎಂಬ ನಮ್ಮ ಪಕ್ಕದ ಊರಿಗೆ ಬಂದು ನೆಲೆಸಿದವನು.

ನಮ್ಮ ಕೆಲಸ ಇಷ್ಟೆ. ಒಬ್ಬರು ಒಂದು ನಿಯಮ ಮಾಡುತ್ತಾರೆ. ಆ ನಿಯಮದ ಪ್ರಕಾರ ಒಂದರ ಹಿಂದೆ ಒಂದು ಸಂಖ್ಯೆ ಬರುತ್ತಾ ಹೋಗುತ್ತದೆ. ಆ ಸಾಲನ್ನು ಪೆನ್ಸಿಲ್ಲಿನಿಂದ, ಕೈಲೆಕ್ಕದಿಂದ ಕಟ್ಟಬೇಕು. ಕಟ್ಟಿ ಮುಗಿಯುವವರೆಗೂ ಯಂತ್ರ ಮುಟ್ಟುವ ಹಾಗಿಲ್ಲ. ಕ್ಲೈವ್‌ನ ಸೊಸೆ ಒಂದು ಸಲ ಬಂದವಳು, "ಇದನ್ನ ಕಂಪ್ಯೂಟರ್ ಕಣ್ಣು ಮಿಟುಕಿಸೋದ್ರೊಳಗೆ ಮಾಡಿ ಬಿಸಾಕುತ್ತೆ ಆಂಟಿ" ಎಂದಳು. "ಬೆಟ್ಟದ ತುದಿ ತನಕ ಕಾರೂ ಹೋಗುತ್ತಮ್ಮ. ನಡೆದು ಹತ್ತೋರನ್ನ ನೀನು ಅಡ್ಡ ನಿಂತು ಕೇಳ್ತೀಯಾ?" ಎಂದೆ. ಆಮೇಲೆ ಅವಳು ಬರಲಿಲ್ಲ.

ಈಗ ಹೇಳುತ್ತಿರುವ ಸಾಲಿನ ನಿಯಮ ನನ್ನದು. ಅಕ್ಕಪಕ್ಕ ಕೂತ ಎರಡು ಸಂಖ್ಯೆಗಳಲ್ಲಿ ಒಂದೇ ಒಂದು ಅಂಕಿಯೂ ಎರಡು ಕಡೆ ಕಾಣಿಸಬಾರದು. ಆದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಸಂಖ್ಯೆಯೊಂದು, ಒಂದನ್ನು ಬಿಟ್ಟು, ಇರಲೇಬೇಕು. ಅಂದರೆ ಮುಖ ನೋಡಿದರೆ ಗುರುತಿಲ್ಲ, ಒಳಗೆ ಮಾತ್ರ ನೆಂಟಸ್ತಿಕೆ. ಇನ್ನೂ ಬಾರದೆ ಉಳಿದ ಸಂಖ್ಯೆಗಳಲ್ಲಿ ಈ ಷರತ್ತಿಗೆ ಒಪ್ಪುವ ಅತಿ ಚಿಕ್ಕದನ್ನು ಕೂರಿಸಬೇಕು. ಎರಡರಿಂದ ಹೊರಟರೆ ನಾಲ್ಕು, ಆರು, ಮೂರು, ಒಂಬತ್ತು, ಹನ್ನೆರಡು, ಎಂಟು, ಹತ್ತು, ಐದು. ಐದರ ನಂತರ ಹದಿನೈದು ಬರುವ ಹಾಗಿಲ್ಲ, ಎರಡರಲ್ಲೂ ಐದು ಇದೆಯಲ್ಲ, ಹಾಗಾಗಿ ಇಪ್ಪತ್ತು. ಆಮೇಲೆ ಹದಿನಾಲ್ಕು, ಆಮೇಲೆ ಏಳು. ಏಳು ಎಷ್ಟು ಹೊತ್ತು ಬಾಗಿಲಲ್ಲಿ ಕಾದು ನಿಂತಿತ್ತು ನೋಡಿ, ಹದಿನಾಲ್ಕು ಬಂದು ಕೈ ಹಿಡಿದು ಒಳಗೆ ಕರೆದುಕೊಂಡಿತು. ಇಂಥದ್ದು ಕಂಡರೆ ನನಗೆ ಹೊಟ್ಟೆ ತುಂಬಿದಷ್ಟು ಸಂತೋಷ. ಯಾಕೆ ಎಂದು ಕೇಳಬೇಡಿ.

ಸಾಲು ಮುಂದೆ ಹೋದಷ್ಟೂ ಕಷ್ಟ. ಬಂದವರನ್ನು ಹೊಡೆದುಹಾಕಿ ಉಳಿದವರನ್ನು ಇಟ್ಟುಕೊಳ್ಳುವ ಒಂದು ಹಾಳೆ ಬೇಕು, ಪ್ರತಿ ಸಂಖ್ಯೆಯನ್ನೂ ಒಡೆದು ಅದರ ಭಾಜಕ ನೋಡಬೇಕು, ಅಂಕಿ ನೋಡಬೇಕು, ಮೇಲಿನಿಂದ ಬೆರಳಿಟ್ಟು ಬರಬೇಕು. ಒಂದು ಕಡೆ ಎಡವಿದರೆ ಅಲ್ಲಿಂದ ಆಚೆಯದೆಲ್ಲ ಕಸ. ಅದಕ್ಕೇ ನಮ್ಮಲ್ಲಿ ತಾಳೆ ನೋಡುವವರು ಎಂದು ಒಬ್ಬರು ಇರುತ್ತಾರೆ. ಅವರು ಅದೇ ಸಾಲನ್ನು ತಮ್ಮ ಮನೆಯಲ್ಲಿ ತಾವೇ ಬೇರೆಯಾಗಿ ಕಟ್ಟಬೇಕು. ಶನಿವಾರ ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಹಾಕುತ್ತೇವೆ, ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣಬಾರದು ಎಂದು. ನಿಯಮ ಮಾಡಿದವರು ಆ ವಾರ ಕಟ್ಟಿದ ಸಂಖ್ಯೆಗಳನ್ನು ಒಂದೊಂದಾಗಿ ಕೂಗಬೇಕು. ತಾಳೆ ನೋಡುವವರು ತಮ್ಮ ಹಾಳೆಯಲ್ಲೂ ಅದೇ ಇದ್ದರೆ "ಸರಿ" ಅನ್ನಬೇಕು, ಇಲ್ಲದಿದ್ದರೆ ಕುರ್ಚಿಯ ತೋಳಿಗೆ ಗೆಣ್ಣಿನಿಂದ ತಟ್ಟಬೇಕು. ತಟ್ಟಿದರೆ ಅಲ್ಲಿಗೆ ಆ ದಿನದ ಆಟ ಬಂದ್. ಇಬ್ಬರೂ ಮನೆಗೆ ಹೋಗಿ ತಪ್ಪು ಯಾರದು ಎಂದು ಹುಡುಕಬೇಕು. ಎಲ್ಲ ಮುಗಿದ ಮೇಲೆ ಸಾಲನ್ನು ಅಂತರ್ಜಾಲದಲ್ಲಿ ಇಂಥವನ್ನೆಲ್ಲ ಕೂಡಿಡುವ ಕೋಶಕ್ಕೆ ಕಳಿಸುವಾಗ ಕೆಳಗೆ ಇಬ್ಬರ ಹೆಸರೂ ಬರೆಯುತ್ತೇವೆ: ಇಬ್ಬರು ಬೇರೆಬೇರೆಯಾಗಿ ಕೈಯಲ್ಲಿ ಲೆಕ್ಕ ಮಾಡಿದ್ದು.

ನನ್ನ ಸಾಲಿಗೆ ತಾಳೆ ನೋಡಲು ಡೆನ್ಜಿಲ್ ತಾನಾಗಿಯೇ ಮುಂದೆ ಬಂದ. ಸಾವಿರ ಸಂಖ್ಯೆ ಕಟ್ಟೋಣ ಎಂದೆ. ಕ್ಲೈವ್ ಹುಬ್ಬೇರಿಸಿದ. "ಸಾವಿರ ಅಂದ್ರೆ ಎರಡು ಚಳಿಗಾಲ ಬೇಕು ಮಾರಾಯ್ತಿ. ಇವನ ತಲೆಗೂದಲು ಆಗಲೇ ಅಷ್ಟಕ್ಕಷ್ಟೆ."

"ಕೂದಲು ಹೋದ್ರೆ ಟೋಪಿ ಹಾಕ್ಕೋತೀನಿ ಬಿಡು," ಎಂದ ಡೆನ್ಜಿಲ್. ಆಮೇಲೆ ನನ್ನ ಕಡೆ ತಿರುಗಿ, "ಒಂದು ಒಪ್ಪಂದ ಮಾಡ್ಕೊಳ್ಳೋಣ ಗ್ವೆಂಡಾ. ಸಂಜೆ ಏಳು ಗಂಟೆಗೆ ನೀನು ನಿನ್ನ ಮೇಜಿಗೆ ಕೂರು, ನಾನು ನನ್ನ ಮೇಜಿಗೆ ಕೂರ್ತೀನಿ. ಫೋನ್ ಇಲ್ಲ, ಮಾತಿಲ್ಲ. ಆದ್ರೂ ಜೊತೇಲಿ ಮಾಡಿದ ಹಾಗೆ ಇರುತ್ತೆ."

ಹೇಳಿದ್ದು ಅವನೇ, ನಾನಲ್ಲ. ಇದನ್ನು ನೀವು ನೆನಪಿಡಬೇಕು.

ಆ ಏಳು ಗಂಟೆ ನನ್ನನ್ನು ಏನು ಮಾಡಿಬಿಟ್ಟಿತು ಎಂದರೆ ಹೇಳಲು ನಾಚಿಕೆಯಾಗುತ್ತದೆ. ಆರೂವರೆಗೇ ಊಟದ ತಟ್ಟೆ ತೊಳೆದಿಡುತ್ತಿದ್ದೆ. ಪಡುವಣ ಗಾಳಿ ಕಿಟಕಿ ಅಲ್ಲಾಡಿಸುತ್ತಿದ್ದರೆ, ಅವನ ಕಿಟಕಿಯೂ ಹೀಗೇ ಅಲ್ಲಾಡುತ್ತಿರಬೇಕು ಎಂದುಕೊಳ್ಳುತ್ತಿದ್ದೆ. ಮುನ್ನೂರರ ಆಸುಪಾಸಿನಲ್ಲಿ ಹದಿನೇಳರ ಅಪವರ್ತ್ಯಗಳು ಬಂದು ನನ್ನ ಜೀವ ತಿಂದಾಗ, ಪಾಪ ಅವನೂ ಅಲ್ಲೇ ಒದ್ದಾಡುತ್ತಿದ್ದಾನೆ ಎಂದು ಒಬ್ಬಳೇ ನಗುತ್ತಿದ್ದೆ. ನಲವತ್ತು ವರ್ಷ ನನ್ನ ಮನೆಯಲ್ಲಿ ಒಬ್ಬಳೇ ಇದ್ದು ಒಂದು ದಿನವೂ ಬೇಸರಪಡದವಳು, ಈಗ ಇನ್ನೊಂದು ಊರಿನಲ್ಲಿ ಕೂತವನ ಜೊತೆ ಮನಸ್ಸಿನಲ್ಲೇ ಮಾತಾಡುತ್ತಿದ್ದೆ. "ಇದನ್ನ ನೋಡಿದ್ಯಾ?" ಅನ್ನುತ್ತಿದ್ದೆ. ಶನಿವಾರ ಅವನು ಬೆನ್ನ ಹಿಂದಿನಿಂದ "ಸರಿ" ಎಂದಾಗ, ಹೌದು ನೋಡಿದೆ ಎಂದ ಹಾಗೆ ಕೇಳುತ್ತಿತ್ತು.

ತೊಂಬತ್ತೊಂದರ ಸಂಗತಿ ಹೇಳಲೇಬೇಕು. ಶುರುವಾಗಿ ಎರಡು ತಿಂಗಳಾಗಿತ್ತೇನೋ. ನಾನು "ತೊಂಬತ್ತೊಂದು" ಎಂದು ಕೂಗಿದೆ. ಹಿಂದಿನಿಂದ ಟಕ್ ಎಂದು ಗೆಣ್ಣಿನ ಸದ್ದು ಬಂತು. ಇಡೀ ವಾರ ನನಗೆ ನಿದ್ದೆಯಿಲ್ಲ. ಎರಡರಿಂದ ಹಿಡಿದು ಮತ್ತೆ ಎಲ್ಲ ಕಟ್ಟಿದೆ, ಮತ್ತೆ ತೊಂಬತ್ತೊಂದೇ ಬಂತು. ಮುಂದಿನ ಶನಿವಾರ ನಾನು ಬಾಯಿ ತೆರೆಯುವ ಮೊದಲೇ ಡೆನ್ಜಿಲ್ ಎದ್ದು ನಿಂತ.

"ತಪ್ಪು ನನ್ನದು. ತೊಂಬತ್ತೊಂದನ್ನ ಯಾವುದರಿಂದಲೂ ಭಾಗಿಸೋಕಾಗಲ್ಲ ಅಂದ್ಕೊಂಡಿದ್ದೆ. ಹದಿಮೂರು ಏಳಲ ಅಂತ ಹೊಳೀಲೇ ಇಲ್ಲ. ಗ್ವೆಂಡಾ ಸರಿ, ನಾನು ಕತ್ತೆ."

ಸಂಖ್ಯೆಗಳ ಜೊತೆ ಒಡನಾಡುವ ಪ್ರತಿಯೊಬ್ಬರೂ ಜೀವನದಲ್ಲಿ ಒಮ್ಮೆ ತೊಂಬತ್ತೊಂದರ ಗುಂಡಿಗೆ ಬೀಳುತ್ತಾರೆ. ನೋಡಲು ಅವಿಭಾಜ್ಯದ ಹಾಗೇ ಇರುತ್ತದೆ ಅದು. ನಾನೂ ಬಿದ್ದಿದ್ದೆ, ಹದಿನಾರನೆಯ ವಯಸ್ಸಿನಲ್ಲಿ, ತರಗತಿಯ ಎದುರಿಗೆ. ಆದರೆ ಬಿದ್ದೆ ಎಂದು ಎಲ್ಲರ ಮುಂದೆ ಎದ್ದು ನಿಂತು ಹೇಳುವ ಗಂಡಸನ್ನು ನಾನು ನೋಡಿರಲಿಲ್ಲ. ಅವನ ಮೀಸೆಗೆ ಲ್ಯಾಮಿಂಗ್ಟನ್ ಕೇಕಿನ ತೆಂಗಿನ ತುರಿ ಅಂಟಿಕೊಂಡಿತ್ತು. ಅವತ್ತು ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಹೀಗೆ ಬಿಡಿಸಿ ಹೇಳದೆ ಬೇರೆ ದಾರಿಯಿಲ್ಲ.

ಕಳೆದ ಬೇಸಿಗೆಯಲ್ಲಿ ಸಮುದ್ರದ ತಡೆಗೋಡೆಯ ಮೇಲೆ ನಡೆಯುತ್ತಿದ್ದಾಗ ಅವನು ಕೇಳಿದ.

"ನನ್ನ ಮನೆಗೆ ಬಂದುಬಿಡು ಗ್ವೆಂಡಾ. ಮದುವೆ ಬೇಕು ಅಂದ್ರೆ ಮದುವೆ, ಬೇಡ ಅಂದ್ರೆ ಬೇಡ. ದೊಡ್ಡ ಮೇಜಿದೆ. ಇಬ್ಬರೂ ಒಂದೇ ಕಡೆ ಕೂರಬಹುದು."

"ಒಂದೇ ಕಡೆ ಕೂತ್ರೆ ತಾಳೆ ನೋಡಿದ ಹಾಗಾಗಲ್ಲ."

"ಮಧ್ಯೆ ಒಂದು ಪರದೆ ಕಟ್ಟೋಣ ಬಿಡು."

ನಕ್ಕೆ. "ಸಾವಿರ ಮುಟ್ಟಲಿ. ಆವತ್ತು ಉತ್ತರ ಹೇಳ್ತೀನಿ."

"ಅಷ್ಟರೊಳಗೆ ನಾನು ಸತ್ತುಹೋದ್ರೆ?"

"ಬೇರೆ ತಾಳೆಗಾರನ್ನ ಹುಡುಕ್ಕೋತೀನಿ."

ಬಾಯಲ್ಲಿ ಹಾಗೆ ಅಂದರೂ ಉತ್ತರ ಅವತ್ತೇ ತೀರ್ಮಾನವಾಗಿತ್ತು. ಮನೆ ಮಾರಿಸುವ ಏಜೆಂಟನಿಗೆ ಸಾವಿರ ಮುಗಿದ ಮೇಲಿನ ಸೋಮವಾರ ಬರಲು ಹೇಳಿದೆ. ಪಿಂಗಾಣಿಯನ್ನೆಲ್ಲ ಹಳೇ ಪತ್ರಿಕೆಯಲ್ಲಿ ಸುತ್ತಿಟ್ಟೆ. ಅರವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಒಬ್ಬರಿಗೆ ಹೂಂ ಅನ್ನಲು ಹೊರಟಿದ್ದೆ. ಇದನ್ನು ಹೇಳಿದ್ದು ವರ್ನಾಗೆ ಒಬ್ಬಳಿಗೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು, "ದೇವರು ನಿನ್ನ ಚೆನ್ನಾಗಿಟ್ಟಿರಲಿ ಕಣೆ" ಎಂದಳು. ಕಣ್ಣಲ್ಲಿ ನೀರಿತ್ತು. ಸಂತೋಷಕ್ಕೆ ಎಂದುಕೊಂಡೆ.

ಸಾವಿರ ಮುಟ್ಟುವ ಶನಿವಾರ ಬಂತು. ಚಳಿಗಾಲ, ಹೊರಗೆ ಹುಲ್ಲಿನ ಮೇಲೆ ಯಾರೂ ಇರಲಿಲ್ಲ. ವರ್ನಾ ಸ್ಕಾಲಪ್ ಎಂಬ ಚಿಪ್ಪುಮೀನಿನ ಕಡುಬು ಮಾಡಿ ತಂದು ಒಲೆಯಲ್ಲಿ ಬಿಸಿಗಿಟ್ಟಿದ್ದಳು. ಕ್ಲೈವ್ ಒಂದು ಬಾಟಲಿ ತಂದು, "ಕೊನೇ ಸಂಖ್ಯೆಗೆ ಮುಚ್ಚಳ ಹಾರಿಸ್ತೀನಿ, ಯಾರೂ ಹೆದರಬೇಡಿ" ಎಂದ. ಡೆನ್ಜಿಲ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನನ್ನ ಕಡೆ ನೋಡಿ ಒಂದು ಕಣ್ಣು ಹೊಡೆದು ತನ್ನ ಕುರ್ಚಿಯಲ್ಲಿ ಕೂತ. ನಾನು ಎಂದಿನಂತೆ ಗೋಡೆಯ ಕಡೆ ಮುಖ ಮಾಡಿ ಕೂತೆ. ಕ್ಲೈವ್ ಮತ್ತು ವರ್ನಾ ಟೀ ಕಪ್ಪು ಹಿಡಿದು ಅವನ ಎದುರಿಗಿನ ಬೆಂಚಿನಲ್ಲಿ ಕೂತರು. ಯಾವಾಗಲೂ ಅವರ ಜಾಗ ಅದೇ.

ಕೂಗಲು ಶುರು ಮಾಡಿದೆ. ಒಂದೊಂದಕ್ಕೂ "ಸರಿ" ಬರುತ್ತಿತ್ತು. ಸಾವಿರಕ್ಕೆ ಇನ್ನು ಕೆಲವೇ ಉಳಿದಿದ್ದವು.

"ಒಂಬೈನೂರ ಐವತ್ತೇಳು."

"ಸರಿ."

"ಸಾವಿರದ ಇನ್ನೂರ ನಲವತ್ತೈದು."

ಬಾಯಿಂದ ಬಿದ್ದ ಕೂಡಲೇ ನನಗೇ ಗೊತ್ತಾಯಿತು. ಹಾಳೆ ನೋಡಿದೆ. 957. ಅದರ ಪಕ್ಕ 1245. ಎರಡನ್ನೂ ಮೂರು ಭಾಗಿಸುತ್ತದೆ, ನಿಜ, ಆದರೆ ಎರಡರಲ್ಲೂ ಐದು ಇದೆ. ಮೊದಲ ತರಗತಿಯ ಮಗುವಿಗೂ ಕಾಣುವ ಐದು. ಮನೆ, ಪಿಂಗಾಣಿ, ಸೋಮವಾರ ಎಂದು ತಲೆ ಎಲ್ಲೋ ಇಟ್ಟುಕೊಂಡು ಲೆಕ್ಕ ಮಾಡಿದ್ದೆನಲ್ಲ, ಅದರ ಫಲ. ಛೇ, ಇವತ್ತೇ ಆಗಬೇಕಿತ್ತಾ, ಇನ್ನು ಈ ವಾರವೂ ಹೋಯಿತು ಎಂದುಕೊಂಡು ಹಿಂದಿನಿಂದ ಟಕ್ ಎನ್ನುವುದಕ್ಕೆ ಕಾದೆ.

"ಸರಿ," ಎಂದ ಡೆನ್ಜಿಲ್.

ನಾನು ಟೀಚರ್. ಇಬ್ಬರ ಉತ್ತರಪತ್ರಿಕೆಯಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪು ಸಿಕ್ಕರೆ ಅದರ ಅರ್ಥವೇನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನನ್ನ ಹಾಳೆಯನ್ನು ಅವನು ನೋಡಿದ್ದೇ ಇಲ್ಲ. ಹಾಗಾದರೆ? ಅವನಿಗೂ ಅದೇ ಐದು ಕಣ್ಣು ತಪ್ಪಿತೇ? ತಪ್ಪಿರಲಿ ಎಂದು ಹಾರೈಸಿದೆ.

"ನೂರ ಒಂದು," ಎಂದೆ. ಆ ಜಾಗಕ್ಕೆ ಯಾವ ಲೆಕ್ಕದಲ್ಲೂ ಬಾರದ ಸಂಖ್ಯೆ ಅದು.

"ಸರಿ."

"ಏಳು." ಏಳು ಬಂದು ಹೋಗಿ ಒಂದೂವರೆ ವರ್ಷವಾಗಿತ್ತು.

"ಸರಿ."

"ಏಳು."

"ಸರಿ."

"ಸೊನ್ನೆ."

"ಸರಿ."

"ಡೆನ್ಜಿಲ್."

"ಸರಿ," ಎಂದ ಅವನು, ಅದೇ ದನಿಯಲ್ಲಿ. ಆಮೇಲೆ, "ಹಾಂ? ಏನು?" ಎಂದ.

ತಿರುಗಿ ನೋಡಿದೆ. ಅವನ ತೊಡೆಯ ಮೇಲಿದ್ದದ್ದು ಪತ್ರಿಕೆಯ ಪದಬಂಧ. ಅರ್ಧ ತುಂಬಿಸಿದ್ದ. ಪೆನ್ಸಿಲ್ಲನ್ನು ಚೆನ್ನಾಗಿ ಚೂಪು ಮಾಡಿಕೊಂಡಿದ್ದ. ಅಲ್ಲಿಂದ ಕಣ್ಣೆತ್ತಿ ಎದುರಿನ ಬೆಂಚು ನೋಡಿದೆ. ಕ್ಲೈವ್ ಕಪ್ಪಿನ ತಳದಲ್ಲಿ ಏನೋ ಹುಡುಕುತ್ತಿದ್ದ. ವರ್ನಾ ಕಿಟಕಿಯ ಆಚೆ ನೋಡುತ್ತಿದ್ದಳು. ಪ್ರತಿ ಶನಿವಾರ ಅವರು ಕೂರುತ್ತಿದ್ದದ್ದು ಅವನ ಎದುರಿಗೆ. ಅವನ ತೊಡೆಯ ಮೇಲೆ ಏನಿದೆ ಎಂದು ಆ ಕೋಣೆಯಲ್ಲಿ ಕಾಣದೆ ಇದ್ದವಳು ನಾನೊಬ್ಬಳೇ.

"ನಿನ್ನ ಲೆಕ್ಕ ಎಲ್ಲಿ?" ಎಂದು ಕೇಳಿದೆ.

"ಗ್ವೆಂಡಾ, ಸ್ವಲ್ಪ ಕೂತ್ಕೋ."

"ಕೂತೇ ಇದ್ನಲ್ಲ ಇಷ್ಟು ದಿನ. ಲೆಕ್ಕ ಎಲ್ಲಿ?"

"ಮೊದಮೊದಲು ಮಾಡ್ತಿದ್ದೆ."

"ಎಲ್ಲೀ ತನಕ?"

ಅವನು ಕತ್ತು ಕೆರೆದುಕೊಂಡ. "ಇಪ್ಪತ್ತೋ, ಮೂವತ್ತೋ. ಆಮೇಲೆ ಒಂದು ವಾರ ಆಗ್ಲಿಲ್ಲ. ಹೇಗಿದ್ರೂ ನೀನು ತಪ್ಪು ಮಾಡಲ್ಲ ಅಂತ ಸುಮ್ನೆ ಸರಿ ಅಂದೆ. ಅದರ ಮುಂದಿನ ವಾರ ಹೇಳೋಣ ಅಂದ್ಕೊಂಡೆ. ನೀನು ಅಷ್ಟು ಖುಷಿಯಾಗಿದ್ದೆ."

"ಏಳು ಗಂಟೆಗೆ ಏನು ಮಾಡ್ತಿದ್ದೆ?"

"ಏನಿಲ್ಲ. ಟೀವಿ ನೋಡ್ತಿದ್ದೆ."

ಇನ್ನೊಬ್ಬಳ ಮನೆಗೆ ಹೋಗುತ್ತಿದ್ದೆ ಎಂದಿದ್ದರೆ ಕಪಾಳಕ್ಕೆ ಕೊಟ್ಟು ಮುಗಿಸಬಹುದಿತ್ತು. ಟೀವಿ ನೋಡುತ್ತಿದ್ದನಂತೆ.

"ಮತ್ತೆ ತೊಂಬತ್ತೊಂದು?" ಎಂದೆ.

ಕ್ಲೈವ್ ಕಪ್ಪು ಕೆಳಗಿಟ್ಟ. "ಅದು ನಾನು ಹೇಳಿಕೊಟ್ಟಿದ್ದು. ಅವನು ಒಂದ್ಸಲನಾದ್ರೂ ತಟ್ಟದೆ ಇದ್ರೆ ನಿನಗೆ ಅನುಮಾನ ಬರುತ್ತೆ ಅಂದೆ. ತೊಂಬತ್ತೊಂದು ಬರೋ ತನಕ ಕಾಯಿ, ಅಲ್ಲಿ ಎಲ್ಲರೂ ಎಡವುತ್ತಾರೆ, ಅವಳು ನಂಬ್ತಾಳೆ ಅಂದೆ."

"ನಂಬಿದೆ," ಎಂದೆ.

"ತಮಾಷೆಗೆ ಮಾಡಿದ್ದು ಗ್ವೆಂಡಾ. ಇಲ್ಲೀ ತನಕ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?"

ನಾನು ನಿದ್ದೆಗೆಟ್ಟ ಆ ಇಡೀ ವಾರ, ಅವನು ಎದ್ದು ನಿಂತ ಆ ಶನಿವಾರ, ಅವನ ಮೀಸೆಯ ತೆಂಗಿನ ತುರಿ. ನಾನು ಯಾವುದನ್ನು ನೋಡಿ ಈ ಮನುಷ್ಯನನ್ನು ಇಷ್ಟಪಟ್ಟೆನೋ ಅದನ್ನು ಇವರಿಬ್ಬರು ಕೂತು ಹೊಂಚಿ ತಯಾರು ಮಾಡಿದ್ದರು. ವರ್ನಾ ಕಡೆ ತಿರುಗಿದೆ.

"ಸೋಮವಾರ ಏಜೆಂಟ್ ಬರ್ತಾನೆ ಅಂತ ನಿನಗೆ ಹೇಳಿದ್ದೆ."

"ಹೇಳಿದ್ದೆ."

"ಆವಾಗಲೂ ನೀನು ಬಾಯಿ ಬಿಡಲಿಲ್ಲ."

"ಹೇಗೆ ಹೇಳಲಿ ಕಣೆ?" ವರ್ನಾ ಅಳುತ್ತಿದ್ದಳು. "ನಿನ್ನ ಮುಖ ಅಷ್ಟು ಅರಳಿದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ. ನಾನಾಗಿ ಅದನ್ನ ಹಾಳು ಮಾಡಲಾ? ಅವನು ಒಳ್ಳೆಯವನು. ಕುಡಿಯಲ್ಲ, ಕೈ ಎತ್ತಲ್ಲ. ಒಂದು ಲೆಕ್ಕ ಮಾಡದೆ ಇದ್ರೆ ಏನಾಯ್ತು? ನನ್ನ ಗಂಡ ಇದಕ್ಕಿಂತ ದೊಡ್ಡ ಸುಳ್ಳು ತಿಂಡಿಗೆ ಮೊದಲೇ ಹೇಳ್ತಿದ್ದ."

"ನಿನ್ನ ಗಂಡನ ವಿಷಯ ನಿನಗೆ ನಾನೇ ಬಂದು ಹೇಳಿದ್ದೆ ವರ್ನಾ. ಅವತ್ತು ನೀನು ಎಷ್ಟು ಖುಷಿಯಾಗಿದ್ದೀಯ ಅಂತ ಲೆಕ್ಕ ಹಾಕಲಿಲ್ಲ."

ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು.

ಡೆನ್ಜಿಲ್ ಎದ್ದು ನನ್ನ ಹತ್ತಿರ ಬಂದ. ಪದಬಂಧ ನೆಲಕ್ಕೆ ಬಿತ್ತು. "ನಿಜ ಹೇಳ್ಲಾ? ನನಗೆ ಸಂಖ್ಯೆ ಬೇಕಿರಲಿಲ್ಲ ಗ್ವೆಂಡಾ. ನಿನ್ನ ದನಿ ಕೇಳ್ತಾ ಕೂರಬೇಕಿತ್ತು. ಹೆಂಡತಿ ಹೋದ ಮೇಲೆ ನನ್ನ ಬೆನ್ನಿಗೆ ಒಬ್ಬರು ಕೂತು ಮಾತಾಡಿದ್ದು ಅಂದ್ರೆ ಇದೇ. ನೀನು ಏನು ಕೂಗಿದ್ರೂ ನನಗೆ ಸರಿಯೇ."

ಒಳ್ಳೆಯ ಮಾತು. ಬೇರೆ ಹೆಂಗಸಾದರೆ ಕರಗಿಹೋಗುತ್ತಿದ್ದಳು. ನಾನೂ ಕರಗಿದೆ, ಇಲ್ಲವೆಂದರೆ ಸುಳ್ಳಾದೀತು. ಕರಗಿದ್ದರಿಂದಲೇ ಅವನಿಗೊಂದು ನೆಪ ಹುಡುಕತೊಡಗಿದೆ. ಸಾಲು ದೊಡ್ಡದಾದಂತೆ ಅವನಿಗೆ ಬರದೆ ಹೋಗಿರಬಹುದು. ಅರ್ಥವಾಗದಿದ್ದರೂ, ಅರ್ಥವಾಯಿತಾ ಎಂದು ಕೇಳಿದಾಗ ತಲೆಯಾಡಿಸುವ ಮಕ್ಕಳು ಎಷ್ಟಿಲ್ಲ? ನಾಚಿಕೆಗೆ ಆಡಿಸುತ್ತಾರೆ, ಮೋಸಕ್ಕಲ್ಲ. ಅಂಥವರನ್ನು ನಾನು ಒಂದು ದಿನವೂ ಬೈದದ್ದಿಲ್ಲ. ಪಕ್ಕಕ್ಕೆ ಕೂರಿಸಿಕೊಂಡು ಮೊದಲಿನಿಂದ ಹೇಳಿಕೊಟ್ಟಿದ್ದೇನೆ. ಇವನೂ ಹಾಗೇ ಇದ್ದರೆ ಇವನಿಗೂ ಹೇಳಿಕೊಡುತ್ತೇನೆ. ಮನೆಯನ್ನೂ ಮಾರುತ್ತೇನೆ.

ಸಾಲಿಗೆ ಇನ್ನೂ ಬಾರದೆ ಉಳಿದ ಸಂಖ್ಯೆಗಳ ನನ್ನ ಹಾಳೆಯನ್ನು ಮೇಜಿನ ಮೇಲೆ ಹರಡಿದೆ. "ಬಾ ಇಲ್ಲಿ. ಒಂಬೈನೂರ ಐವತ್ತೇಳರ ತನಕ ಬಂದವನ್ನೆಲ್ಲ ಹೊಡೆದುಹಾಕಿದ್ದೀನಿ. ಅದಾದ ಮೇಲೆ ಏನು ಬರಬೇಕು, ನೀನು ಹುಡುಕು."

"ಈಗಲಾ?"

"ಈಗಲೇ."

ಅವನು ಕೂತ. ನಾನು ಎದುರಿಗೆ ನಿಂತೆ. ಬರದೇ ಹೋಗಲಿ ಎಂದು ಒಳಗೊಳಗೇ ಬೇಡಿಕೊಂಡೆ. ಯಾವ ವಿದ್ಯಾರ್ಥಿಗೂ ನಾನು ಹಾಗೆ ಬೇಡಿಕೊಂಡವಳಲ್ಲ.

ಡೆನ್ಜಿಲ್ ಕನ್ನಡಕ ಏರಿಸಿ ಪೆನ್ಸಿಲ್ ಎತ್ತಿಕೊಂಡ. "ಒಂಬೈನೂರ ಐವತ್ತೇಳು. ಮೂರು, ಹನ್ನೊಂದು, ಇಪ್ಪತ್ತೊಂಬತ್ತು," ಎಂದು ಗೊಣಗಿದ, ಬರೆಯದೆ, ಬಾಯಲ್ಲೇ. "ಒಂಬತ್ತು, ಐದು, ಏಳು ಇರಬಾರದು." ಬೆರಳು ಹಾಳೆಯ ಮೇಲಿನಿಂದ ಇಳಿಯಿತು. ನನ್ನ ತಪ್ಪಿನ ಹತ್ತಿರ ಒಂದು ಕ್ಷಣ ನಿಂತಿತು. "ಇದರಲ್ಲಿ ಐದಿದೆ, ಆಗಲ್ಲ. ಸಾವಿರದ ಇನ್ನೂರ ನಲವತ್ತಾರು, ಊಹೂಂ, ಯಾವುದೂ ಹೋಗಲ್ಲ. ನಲವತ್ತೇಳು... ಇಪ್ಪತ್ತೊಂಬತ್ತು ನಲವತ್ತಮೂರಲ, ಹೋಗುತ್ತೆ, ಆದ್ರೆ ಏಳಿದೆ. ಆಗಲ್ಲ." ತಲೆ ಎತ್ತಿದ. "ಸಾವಿರದ ಇನ್ನೂರ ನಲವತ್ತೆಂಟು."

ನಾನಾಗಿದ್ದರೆ ಇಪ್ಪತ್ತೊಂಬತ್ತು ನಲವತ್ತಮೂರಲ ಎಂಬುದನ್ನು ಪಕ್ಕದಲ್ಲಿ ಬರೆದು ನೋಡಬೇಕಿತ್ತು. ಅವನಿಗೆ ಬಾಯಲ್ಲೇ ಬಂತು. ವರ್ನಾಳ ಕಪ್ಪಿನಲ್ಲಿ ಟೀ ಇನ್ನೂ ಹಬೆಯಾಡುತ್ತಿತ್ತು.

ಹಾಳೆಯ ಮೇಲೆ ಬಾಗಿ ನಾನೂ ಒಮ್ಮೆ ನೋಡಿದೆ. 1248. ಮೂರು ಭಾಗಿಸುತ್ತದೆ. ಒಂಬತ್ತಿಲ್ಲ, ಐದಿಲ್ಲ, ಏಳಿಲ್ಲ.

"ಸರಿ," ಎಂದೆ.

ಅವನ ಮುಖ ಬೆಳಗಿತು. ಪಾಪ, ಪರೀಕ್ಷೆ ಪಾಸಾಯಿತು ಎಂದುಕೊಂಡ. "ನೋಡಿದ್ಯಾ? ಬರುತ್ತೆ ನನಗೆ. ಇನ್ಮೇಲೆ ದಿನಾ ಕೂರ್ತೀನಿ, ಆಣೆ. ಎರಡರಿಂದ ಮತ್ತೆ ಶುರು ಮಾಡೋಣ, ಇಬ್ಬರೂ. ನಮ್ಮ ಮನೆ ಮೇಜಿನ ಮೇಲೆ."

"ನಿನಗೆ ಬರ್ತಿತ್ತು," ಎಂದೆ.

"ಅದನ್ನೇ ಹೇಳ್ತಿದ್ದೀನಲ್ಲ."

"ನಾನೂ ಅದನ್ನೇ ಹೇಳ್ತಿದ್ದೀನಿ ಡೆನ್ಜಿಲ್. ಬರದೆ ಇದ್ದಿದ್ರೆ ನಿನ್ನ ಮನೆಗೆ ಬರ್ತಿದ್ದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ದಿನಕ್ಕೆ ಹತ್ತು ನಿಮಿಷದ ವಿಷಯ ಇದು ಗ್ವೆಂಡಾ. ಹತ್ತು ನಿಮಿಷಕ್ಕೆ ಯಾರಾದ್ರೂ ಇಡೀ ಜೀವನ ಬೇಡ ಅಂತಾರಾ?"

"ಹೌದು. ಹತ್ತು ನಿಮಿಷ. ಅಷ್ಟೇ ಕೇಳಿದ್ದು ನಾನು."

ಕೋಟು ಹಾಕಿಕೊಂಡೆ. ಹಾಳೆಗಳನ್ನು ಅಲ್ಲೇ ಬಿಟ್ಟೆ. ವರ್ನಾ ಗೇಟಿನ ತನಕ ಹಿಂದೆಯೇ ಬಂದು, "ಕಡುಬು ಬಿಸಿ ಇದೆ ಕಣೆ, ಒಂದು ಚೂರಾದ್ರೂ ತಿಂದು ಹೋಗು" ಎಂದಳು. ಬೇರೇನು ಹೇಳಬೇಕೆಂದು ಅವಳಿಗೂ ತಿಳಿದಿರಲಿಲ್ಲ. ನೀವೇ ತಿನ್ನಿ ಎಂದು ಹೇಳಿ ಸೇತುವೆಯ ಕಡೆ ನಡೆದೆ. ಗಾಳಿ ಎದುರಿಗಿತ್ತು. ಅಳುತ್ತಿದ್ದೆ, ದಾರಿಯಲ್ಲಿ ಸಿಕ್ಕ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಾಬರಿಯಾಗಿ ಪಕ್ಕಕ್ಕೆ ಸರಿದ.

ಮನೆಗೆ ಬಂದು ಏಜೆಂಟನಿಗೆ ಬರಬೇಡ ಎಂದು ಹೇಳಿದೆ. ಪಿಂಗಾಣಿ ಬಿಚ್ಚಿ ಮತ್ತೆ ಕಪಾಟಿನಲ್ಲಿ ಜೋಡಿಸಿದೆ. ಒಬ್ಬಳೇ ಊಟ ಮಾಡಿದೆ. ಏಳು ಗಂಟೆಯಾಯಿತು, ಮೇಜಿಗೆ ಕೂತೆ, ಕೂತ ಮೇಲೆ ಮಾಡಲು ಏನೂ ಇಲ್ಲ ಎಂದು ನೆನಪಾಯಿತು.

ಒಬ್ಬಳೇ ಇರುವುದು ನನಗೆ ಕಷ್ಟವಲ್ಲ. ನಲವತ್ತು ವರ್ಷ ಇದ್ದೆನಲ್ಲ, ಅದನ್ನು ನಾನೇ ಆರಿಸಿಕೊಂಡಿದ್ದೆ, ಯಾರ ಮೇಲೂ ದೂರಿಲ್ಲ. ಆದರೆ ಈ ಒಂದೂವರೆ ವರ್ಷವೂ ಇದೇ ಮೇಜಿನ ಮುಂದೆ ನಾನು ಒಬ್ಬಳೇ ಕೂತಿದ್ದೆ. ಅದು ಆ ಮೂವರಿಗೂ ಗೊತ್ತಿತ್ತು. ನನಗೆ ಮಾತ್ರ ಯಾರೂ ಹೇಳಲಿಲ್ಲ.